ಚೆಂಡು ಇಲ್ಲದ ಕಡೆ

ಟೀವಿಯಲ್ಲಿ ಫುಟ್‌ಬಾಲ್ ನೋಡಲು ಕುಳಿತರೆ ನನಗೆ ಅರ್ಧ ಗಂಟೆಯಲ್ಲೇ ಆಯಾಸವಾಗುತ್ತದೆ. ಕಣ್ಣಿನ ದೋಷವಲ್ಲ, ಡಾಕ್ಟರಿಗೆ ತೋರಿಸಿಯಾಗಿದೆ. ಚೆಂಡು ಹೋದ ಕಡೆಗೆಲ್ಲ ನನ್ನ ಕತ್ತು ಹಿಡಿದು ಎಳೆದುಕೊಂಡು ಹೋಗುತ್ತಾರಲ್ಲ, ಆ ಆಯಾಸ. ನಾನು ನೋಡಬೇಕೆಂದಿರುವುದು ಚೆಂಡನ್ನಲ್ಲ. ಮೈದಾನದ ಇನ್ನೊಂದು ತುದಿಯಲ್ಲಿ ಒಬ್ಬ ಗೋಲ್‌ಕೀಪರ್ ಸುಮ್ಮನೆ ನಿಂತಿರುತ್ತಾನೆ. ಅವನು ಆಗ ಏನು ಮಾಡುತ್ತಿರುತ್ತಾನೆ ಎಂದು ನೋಡಬೇಕು. ಅದನ್ನು ಟೀವಿಯವರು ತೋರಿಸುವುದಿಲ್ಲ. ಗೋಲು ಬಿದ್ದ ಮೇಲೆ ಮಾತ್ರ ಅವನ ಮುಖವನ್ನು ತಂದು ನನ್ನ ಮೂಗಿನ ಮುಂದೆ ಹಿಡಿಯುತ್ತಾರೆ, ಅದೂ ಮತ್ತೆ ಮತ್ತೆ, ನಿಧಾನವಾಗಿ. ಗೋಲು ಬಿಟ್ಟವನ ಮುಖದಲ್ಲಿ ನೋಡುವುದೇನಿದೆ?

ನಾನು ಗೊಣಗುವುದನ್ನು ಕೇಳಿ ಕೇಳಿ ಸೊಸೆಗೂ ಸಾಕಾಗಿದೆ. "ಆಫ್ ಮಾಡ್ಲಾ ಮಾವ?" ಎನ್ನುತ್ತಾಳೆ. ಬೇಡ ಎನ್ನುತ್ತೇನೆ. ಹಳೆಯ ಚಟ, ಸುಲಭಕ್ಕೆ ಬಿಡುವುದಿಲ್ಲ.

ನಾನೂ ಗೋಲ್‌ಕೀಪರ್ ಆಗಿದ್ದೆ. ಐವತ್ತರ ದಶಕ ಮುಗಿದು ಅರವತ್ತು ಶುರುವಾಗುತ್ತಿದ್ದ ಕಾಲ. ಅರಸೀಕೆರೆ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತನ ಕೆಲಸ. ವಾರವಿಡೀ ಕೊಬ್ಬರಿ ಮೂಟೆಗಳ ಲೆಕ್ಕ, ಶನಿವಾರ ಸಂಜೆ ಫುಟ್‌ಬಾಲ್, ಭಾನುವಾರ ಊರಿಗೆ ಹೋಗಿ ದೇವರ ಪೂಜೆ. ಇಪ್ಪತ್ತಮೂರರ ವಯಸ್ಸಿಗೇ ನನಗೆ ಅರವತ್ತಾದವನ ಸುಸ್ತು ಇತ್ತು. ನಮ್ಮ ತಂಡದ ಕ್ಯಾಪ್ಟನ್ ಆಂಗ್ಲೋ ಇಂಡಿಯನ್ ಇಂಜಿನ್ ಡ್ರೈವರ್. ಮೊದಮೊದಲು ನನ್ನನ್ನು ಹಿಂದಿನ ಸಾಲಿನಲ್ಲಿ ಬ್ಯಾಕ್ ಆಡಿಸಿದ. ಸ್ವಲ್ಪ ದಿನ ನೋಡಿದ ಮೇಲೆ ಹತ್ತಿರ ಕರೆದು, "ನೀನ್ ಓಡೋದ್ ನೋಡಿದ್ರೆ ನಮ್ಗೆ ಸುಸ್ತು ಆಗ್ತದೆ. ಹೋಗು, ಆ ಕಂಬದ ಮಧ್ಯ ನಿಂತ್ಕೋ" ಎಂದ. ಹಾಗೆ ನಾನು ಗೋಲ್‌ಕೀಪರ್ ಆದದ್ದು. ನಿಂತ ಮೇಲೆ ಗೊತ್ತಾಯಿತು, ನನಗೆ ಬರುತ್ತಿದ್ದದ್ದು ಇದೊಂದೇ.

ಮೈದಾನ ರೈಲ್ವೆ ಯಾರ್ಡಿನ ಪಕ್ಕದಲ್ಲೇ. ಇಂಜಿನ್ ಶಂಟ್ ಮಾಡುವಾಗ ಹೊಗೆ ಬಂದು ಅರ್ಧ ಮೈದಾನ ಮುಚ್ಚಿಹೋಗುತ್ತಿತ್ತು. ಗೋಲಿಗೆ ಎರಡು ಕಂಬ, ಮೇಲೊಂದು ಅಡ್ಡ ಬೊಂಬು, ಅಷ್ಟೆ. ಬಲೆ ಇರಲಿಲ್ಲ. ಚೆಂಡು ಕಂಬದ ಒಳಗಿಂದ ಹೋಯಿತೋ ಹೊರಗಿಂದ ಹೋಯಿತೋ ಎಂದು ಪ್ರತಿ ಸಲವೂ ಜಗಳ. ಅದಕ್ಕಾಗಿ ಎರಡೂ ಗೋಲುಗಳ ಹಿಂದೆ ಇಬ್ಬಿಬ್ಬರು ಕೊಬ್ಬರಿ ಮಂಡಿ ಯಜಮಾನರು ಖಾಲಿ ಚೀಲ ಹಾಸಿಕೊಂಡು ಕೂರುತ್ತಿದ್ದರು. ವಿಭೂತಿ ಇಟ್ಟುಕೊಂಡ ದೊಡ್ಡ ಮನುಷ್ಯರು, ಸುಳ್ಳು ಹೇಳುವವರಲ್ಲ ಎಂದು ಎರಡು ಕಡೆಯವರೂ ಒಪ್ಪಿದ್ದರು. ಅವರು ಆಟಕ್ಕಿಂತ ಹೆಚ್ಚಾಗಿ ತಿಪಟೂರಿನ ಕೊಬ್ಬರಿ ಧಾರಣೆ ಮಾತಾಡುತ್ತಿದ್ದರು. ಮೈದಾನಕ್ಕೆ ಬಂದವರು ಯಾರನ್ನು ಬೇಕಾದರೂ ನೋಡಬಹುದಿತ್ತು. ನಮ್ಮ ತಂಡದಲ್ಲಿದ್ದ ಇಂಜಿನ್ ಫೈರ್‌ಮನ್‌ನ ಹೆಂಡತಿ ಫೈರ್‌ಮನ್ ಒಬ್ಬನನ್ನೇ ನೋಡಿ, ಅವನು ಬಿದ್ದರೆ ಬೈದು, ಮನೆಗೆ ಹೋಗುತ್ತಿದ್ದಳು. ಯಾರು ಗೆದ್ದರೆಂದು ಆಕೆ ಕೇಳುತ್ತಿರಲಿಲ್ಲ.

ಇನ್ನು ದೇವರ ವಿಷಯ. ನಮ್ಮೂರು ಬೇಲೂರು ರಸ್ತೆಯ ಹಗರೆಯಿಂದ ಒಳಗೆ ನಡೆದು ಹೋಗುವಷ್ಟು ದೂರ. ಅಲ್ಲೊಂದು ಸಣ್ಣ ಗುಡಿ, ಅಪ್ಪ ಅದರ ಅರ್ಚಕರು. ಬೇಲೂರು ಹಳೇಬೀಡಿನ ಹಾಗೆ ದೂರದಿಂದ ಜನ ಬಂದು ನೋಡುವಂಥದ್ದಲ್ಲ. ಹಬ್ಬ ಬಿಟ್ಟರೆ ಉಳಿದ ದಿನ ದೇವರೂ ಅಪ್ಪನೂ ಇಬ್ಬರೇ. ಅಪ್ಪನ ಮಂಡಿ ಊದಿಕೊಂಡು, ಗರ್ಭಗುಡಿಯ ಹೊಸ್ತಿಲು ದಾಟುವುದೇ ಕಷ್ಟವಾಗಿತ್ತು. ವಾರಕ್ಕೆ ಒಂದು ದಿನವಾದರೂ ಆ ಕಾಲಿಗೆ ಬಿಡುವು ಸಿಗಲೆಂದು ಭಾನುವಾರದ ಪೂಜೆ ನನ್ನದಾಗಿತ್ತು. ನಾನೊಬ್ಬನೇ ಮಗ. ನಾನು ಕೈಬಿಟ್ಟರೆ ಅರ್ಚಕತನ ದೊಡ್ಡಪ್ಪನ ಮಗನ ಪಾಲಾಗುತ್ತಿತ್ತು. ತಾತ ಅಪ್ಪನ ಕೈಗೇ ಕೊಟ್ಟು ಹೋದದ್ದು ಪಕ್ಕದ ಮನೆಗೆ ಹೋಗುವುದು ಅಮ್ಮನಿಗೆ ಸಾವಿಗೆ ಸಮ. ಬೆಳಗಿನ ಮೊದಲ ಬಸ್ಸಿಗೆ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿ ಬಸ್ಸು ಬದಲಾಯಿಸಿ ಹಗರೆಗೆ, ಅಲ್ಲಿಂದ ನಡಿಗೆ. ಬಾವಿಯ ಹತ್ತಿರ ಸ್ನಾನ ಮಾಡಿ ಗುಡಿಗೆ ಹೋಗುವ ಹೊತ್ತಿಗೆ ಸೊಂಟ ಮುರಿದಿರುತ್ತಿತ್ತು. ಆದರೂ ಪೂಜೆಯಲ್ಲಿ ಒಂದು ಮಂತ್ರ ತಪ್ಪುತ್ತಿರಲಿಲ್ಲ. ಬಾಯಿ ತಾನಾಗಿ ಹೇಳುತ್ತಿತ್ತು, ಕೈ ತಾನಾಗಿ ಮಾಡುತ್ತಿತ್ತು.

ಫುಟ್‌ಬಾಲ್ ಆಡುತ್ತೇನೆಂದು ಮೊದಲ ಸಲ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಚೆಂಡು ಯಾವುದರದ್ದು?"

"ಚರ್ಮದ್ದು, ಅಪ್ಪ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಅಪ್ಪ ಸ್ವಲ್ಪ ಯೋಚನೆ ಮಾಡಿ, "ಕಾಲಲ್ಲಿ ತಾನೇ ಒದೆಯೋದು? ಮೆಟ್ಟೂ ಚರ್ಮದ್ದೇ, ಅದನ್ನೂ ಕಾಲಿಗೇ ಹಾಕ್ಕೋತೀವಿ. ಕಾಲು ತೊಳ್ಕೊಂಡ್ರಾಯ್ತು" ಎಂದು ತೀರ್ಮಾನ ಕೊಟ್ಟರು. ಆಗ ನಾನು ಬ್ಯಾಕ್ ಆಡುತ್ತಿದ್ದೆ, ಆ ತೀರ್ಮಾನ ಸರಿಯಾಗಿಯೇ ಇತ್ತು. ಹನ್ನೊಂದು ಜನರಲ್ಲಿ ಒಬ್ಬ ಮಾತ್ರ ಚೆಂಡನ್ನು ಕೈಯಲ್ಲಿ ಹಿಡಿಯುತ್ತಾನೆ, ಎದೆಗೆ ಅಪ್ಪಿಕೊಳ್ಳುತ್ತಾನೆ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಆ ಒಬ್ಬ ಮುಂದೆ ನಾನೇ ಆದೆ. ಅಮ್ಮನಿಗೆ ಹೇಳಿದೆ. "ಬಾವಿ ಹತ್ರ ಎರಡು ಕೊಡ ಜಾಸ್ತಿ ಸುರ್ಕೊಂಡು ಒಳಗೆ ಬಾ. ಆ ಮಾತು ಎತ್ತಬೇಡ" ಎಂದಳು. ಅಭಿಷೇಕದ ಕೈ ಅದು, ಅಪ್ಪನಿಗೆ ತಿಳಿದರೆ ಗುಡಿಯ ಬಾಗಿಲು ನನಗೆ ಮುಚ್ಚಿದಂತೆಯೇ ಎಂದು ಇಬ್ಬರಿಗೂ ಗೊತ್ತಿತ್ತು.

ಅದೊಂದು ಶನಿವಾರ ಬೀರೂರಿನ ರೈಲ್ವೆಯವರ ಮೇಲೆ ಆಟ. ಅಪ್ಪ ಎರಡು ದಿನದ ಮಟ್ಟಿಗೆ ತಿಪಟೂರಿನಲ್ಲಿದ್ದ ನನ್ನ ಅಕ್ಕನ ಮನೆಗೆ ಹೋಗಿದ್ದರು, ಗುಡಿಯ ಪೂಜೆಗೆ ದೊಡ್ಡಪ್ಪನ ಮಗನಿಗೆ ಹೇಳಿದ್ದರು. ವಾಪಸು ಬರುವಾಗ ಅರಸೀಕೆರೆಯಲ್ಲಿ ಇಳಿದು, ಆ ರಾತ್ರಿ ನನ್ನ ಕೋಣೆಯಲ್ಲಿದ್ದು, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಊರಿಗೆ ಹೋಗುವುದೆಂದು ಮಾತಾಗಿತ್ತು. ರೈಲು ಕತ್ತಲಾದ ಮೇಲೆ ಬರುತ್ತದೆಂದು ನಾನು ನಿಶ್ಚಿಂತೆಯಾಗಿದ್ದೆ. ಅಪ್ಪ ಮಧ್ಯಾಹ್ನದ ಗಾಡಿಗೇ ಬಂದುಬಿಟ್ಟಿದ್ದರು. ಕೋಣೆಗೆ ಬೀಗ ಕಂಡು ಪಕ್ಕದವರನ್ನು ಕೇಳಿದ್ದಾರೆ, ಅವರು ಮೈದಾನದ ದಾರಿ ತೋರಿಸಿದ್ದಾರೆ.

ಬೀರೂರಿನವನೊಬ್ಬ ಎತ್ತರಕ್ಕೆ ಒದ್ದ ಚೆಂಡನ್ನು ಹಾರಿ ಹಿಡಿದು, ಎದೆಗೆ ಒತ್ತಿಕೊಂಡು ನೆಲದ ಮೇಲೆ ಉರುಳಿದೆ. ಏಳುವಾಗ ಹಿಂದಿನಿಂದ ಮಾತು ಕೇಳಿಸಿತು.

"ಕೂತ್ಕಳಿ ಸ್ವಾಮಿ, ಚೀಲ ಐತೆ" ಎನ್ನುತ್ತಿದ್ದರು ಮಂಡಿಯ ಯಜಮಾನರಲ್ಲೊಬ್ಬರು.

"ಇರ್ಲಿ, ಗಾಡೀಲಿ ಕೂತೇ ಬಂದಿದೀನಿ."

ಅಪ್ಪನ ದನಿ. ತಿರುಗಿದೆ. ಕೈಚೀಲ, ಕೊಡೆ, ಹೆಗಲ ಮೇಲೆ ವಸ್ತ್ರ. ನನ್ನ ಎರಡು ಕೈಗಳ ನಡುವೆ ಕೆಸರು ಮೆತ್ತಿದ ಚರ್ಮದ ಚೆಂಡು. ಅಪ್ಪ ಚೆಂಡನ್ನು ನೋಡಿದರು, ನನ್ನ ಮುಖ ನೋಡಿದರು. ಕ್ಯಾಪ್ಟನ್ ಆ ಕಡೆಯಿಂದ ಬೈಯುತ್ತಿದ್ದ, ಚೆಂಡನ್ನು ಅತ್ತ ಒದ್ದುಬಿಟ್ಟೆ.

ಹಾಫ್ ಟೈಮ್ ಆಗಿ ಕಡೆ ಬದಲಾಯಿತು. ನಾನು ಆಚೆ ತುದಿಗೆ ಹೋದೆ. ಅಪ್ಪ ಅಲ್ಲೇ ಇರುತ್ತಾರೆ, ಇಲ್ಲವೇ ಸ್ಟೇಷನ್ನಿಗೆ ಹೊರಟುಹೋಗುತ್ತಾರೆ ಎಂದುಕೊಂಡೆ. ಅವರು ಕೊಡೆ ಊರಿಕೊಂಡು, ಆ ಊದಿದ ಮಂಡಿಯಲ್ಲೇ, ಮೈದಾನದ ಅಂಚಿನುದ್ದಕ್ಕೂ ನಡೆದು ಬಂದು ಮತ್ತೆ ನನ್ನ ಹಿಂದೆಯೇ ನಿಂತರು. ನನ್ನ ಅಪರಾಧವನ್ನು ಕೊನೆಯವರೆಗೂ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದಾರೆ ಎನಿಸಿತು. ಆದರೆ ಆಮೇಲೆ ಚೆಂಡು ಈ ಕಡೆಗೆ ಬರಲೇ ಇಲ್ಲ. ನಮ್ಮವರು ಬೀರೂರಿನವರನ್ನು ಅವರ ಗೋಲಿನಲ್ಲೇ ಒತ್ತಿ ಹಿಡಿದಿದ್ದರು. ಜನವೆಲ್ಲ ಅತ್ತ ಓಡಿದರು, ಈ ತುದಿಯ ಯಜಮಾನರೂ ಚೀಲ ಎತ್ತಿಕೊಂಡು ಅತ್ತಲೇ ಹೋದರು. ಈ ತುದಿಯಲ್ಲಿ ನಾನು, ನನ್ನ ಹಿಂದೆ ಅಪ್ಪ. ನಾನು ತಿರುಗಿ ನೋಡಲಿಲ್ಲ. ನನ್ನ ಕೆಲಸ ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಯಾವಾಗ ಇತ್ತ ಬಂದೀತು ಎಂದು ಕಾಯುವುದು. ಕಾದೆ. ಸ್ವಲ್ಪ ಹೊತ್ತಿಗೆ ಹಿಂದೆ ಅಪ್ಪ ಇದ್ದಾರೆಂಬುದೂ ಮರೆತುಹೋಯಿತು.

ಅತ್ತ ಒಂದು ಗೋಲಾಯಿತು, ನಾವು ಗೆದ್ದೆವು. ಎಲ್ಲರೂ ಕೂಗುತ್ತಿದ್ದಾಗ ಅಪ್ಪ ಹತ್ತಿರ ಬಂದು, "ಮುಗೀತಾ?" ಎಂದರು.

ಕೋಣೆಯಲ್ಲಿ ಅಕ್ಕ ಕಟ್ಟಿಕೊಟ್ಟಿದ್ದ ಅವಲಕ್ಕಿ ತಿಂದು ಮಲಗಿದರು. ಮರುದಿನದ ಬಸ್ಸಿನಲ್ಲೂ ಆ ವಿಷಯ ಎತ್ತಲಿಲ್ಲ. ಜಾವಗಲ್ಲಿನಲ್ಲಿ, "ಅಕ್ಕನ ಮಗೂಗೆ ಹಲ್ಲು ಬಂದಿದೆ" ಎಂದರು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಹಳೇಬೀಡಿನಲ್ಲಿ ಇನ್ನೊಂದು ಬಸ್ಸಿಗೆ ಕಾಯುತ್ತಾ ನಾನು ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಗಂಧ ತೇದ ಕೈಯಲ್ಲೇ ಗೂಡ್ಸ್ ಷೆಡ್ಡಿನಲ್ಲಿ ಕಂಡವರ ಮೂಟೆ ಮುಟ್ಟುತ್ತೇನೆ, ಅದಕ್ಕಿಲ್ಲದ ಮೈಲಿಗೆ ಇದಕ್ಕೆ ಯಾಕೆ ಎಂದು ಕೇಳಬೇಕೆಂದಿದ್ದೆ. ನನಗೆ ಭಯವೂ ಇತ್ತು, ಸಿಟ್ಟೂ ಇತ್ತು. ಎರಡಕ್ಕಿಂತ ಸುಸ್ತು ಜಾಸ್ತಿ ಇತ್ತು.

ಮನೆ ತಲುಪಿದ ಕೂಡಲೇ ಅಪ್ಪ ಸ್ನಾನ ಮುಗಿಸಿ ಗುಡಿಗೆ ನಡೆದರು. ನಾನು ಬಾವಿಯ ಹತ್ತಿರ ಕೊಡದ ಮೇಲೆ ಕೊಡ ಸುರಿದುಕೊಂಡೆ, ಸೀಗೆಪುಡಿ ಹಾಕಿ ಕೈ ಉಜ್ಜಿದೆ, ಹೊಸ ಜನಿವಾರ ಹಾಕಿಕೊಂಡೆ. ಒದ್ದೆ ಪಂಚೆಯಲ್ಲಿ ಹೋದಾಗ ಅಪ್ಪ ಗರ್ಭಗುಡಿಯಲ್ಲಿ ಹಿಂದಿನ ದಿನದ ಹೂ ತೆಗೆಯುತ್ತಿದ್ದರು.

"ಅಪ್ಪ, ಸ್ನಾನ ಆಯ್ತು. ಜನಿವಾರಾನೂ ಬದಲಾಯಿಸಿದೀನಿ."

"ಒಳ್ಳೇದು." ತಲೆ ಎತ್ತಲಿಲ್ಲ. "ಚರ್ಮ ಮುಟ್ಟಿದ್ದಕ್ಕೆ ಸ್ನಾನ ಇದೆ ಕಣೋ. ಅದಕ್ಕೆ ನಾನೇನೂ ಅನ್ನೋನಲ್ಲ."

ನಾನು ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ವ್ಯರ್ಥವಾಯಿತು. "ಹಾಗಾದ್ರೆ ಒಳಗೆ ಬರ್ಲಾ?" ಎಂದೆ.

ಅಪ್ಪ ಹೂಗಳನ್ನು ತಟ್ಟೆಗೆ ಹಾಕಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಟ್ಟಗೆ ನಿಂತರು.

"ನಿನ್ನೆ ಜನ ಎಲ್ಲ ಆ ಕಡೆ ಹೋದ್ರು. ನಿನ್ನ ಹತ್ರ ಯಾರೂ ಇರ್ಲಿಲ್ಲ, ಚೆಂಡೂ ಬರ್ಲಿಲ್ಲ. ಆದ್ರೂ ನೀನು ಒಂದು ಗಳಿಗೆ ಮೈ ಸಡಿಲ ಬಿಡ್ಲಿಲ್ಲ. ನಾನು ಆಟ ನೋಡ್ಲಿಲ್ಲ ಕಣೋ, ನಿನ್ನನ್ನೇ ನೋಡ್ತಾ ಇದ್ದೆ." ದನಿಯಲ್ಲಿ ಕೋಪವಿರಲಿಲ್ಲ. "ನೀನು ಇಲ್ಲಿ ಯಾವತ್ತೂ ಹಾಗೆ ನಿಂತಿಲ್ಲ."

ನಾನು ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಹೊರಗೆ ಕೂತ್ಕೋ" ಎಂದರು. "ಮಂಗಳಾರತಿಗೆ ಕರೀತೀನಿ."

ಅರ್ಚಕತನ ಮುಂದೆ ದೊಡ್ಡಪ್ಪನ ಮಗನಿಗೇ ಹೋಯಿತು. ಅಪ್ಪನೇ ಅವನನ್ನು ಕರೆಸಿ ಒಪ್ಪಿಸಿದರು. ಅಮ್ಮ ಬಹಳ ದಿನ ನನ್ನೊಡನೆಯೂ ಅಪ್ಪನೊಡನೆಯೂ ಮಾತು ಬಿಟ್ಟಳು. ಭಾನುವಾರಗಳು ನನಗೆ ಉಳಿದವು. ಹೆಗಲಿನ ಭಾರ ಇಳಿದದ್ದು ನಿಜ, ಇಳಿದದ್ದಕ್ಕೆ ಸಂತೋಷವಾಗುತ್ತಿದೆಯಲ್ಲ ಎಂಬ ಸಂಕಟವೂ ನಿಜ. ಇಷ್ಟು ವರ್ಷವಾದರೂ ಅದು ಪೂರ್ತಿ ಹೋಗಿಲ್ಲ.

ಅಪ್ಪ ಹೊರಗೆ ಕೂರಿಸಿದ ಆ ಬೆಳಿಗ್ಗೆ ನಾನು ಊರಿನ ಯಾರೋ ಒಬ್ಬನಂತೆ ಕಂಬಕ್ಕೊರಗಿ ಕುಳಿತೆ. ಗುಡಿಗೆ ಬೇರೆ ಯಾರೂ ಬಂದಿರಲಿಲ್ಲ. ಅಪ್ಪ ನೀರು ಹಾಕಿದರು, ಗಂಧ ಹಚ್ಚಿದರು. ಕಾಲು ನೋಯುತ್ತಿತ್ತು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದರು. ಆದರೆ ಕಣ್ಣು ಅತ್ತಿತ್ತ ಹೋಗಲಿಲ್ಲ, ಕೈಗೆ ಅವಸರವಿರಲಿಲ್ಲ. ಅಷ್ಟು ವರ್ಷ ಅದೇ ಗುಡಿಯಲ್ಲಿ ಬೆಳೆದವನು ನಾನು, ಅವರು ಪೂಜೆ ಮಾಡುವುದನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಮಂಗಳಾರತಿಗೆ ಕರೆಯುವವರೆಗೂ ನಾನು ದೇವರ ಕಡೆ ನೋಡಲಿಲ್ಲ, ಅಪ್ಪನನ್ನೇ ನೋಡುತ್ತಾ ಕುಳಿತಿದ್ದೆ.