ಗಿಲಕಿಗೆ ಸವರಿದ ಎಣ್ಣೆ

ಬೆಳಿಗ್ಗೆ ಮರದ ಹಳೆಯ ಗಿಲಕಿಯೊಂದನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದೆ. ಉಜ್ಜಿದ ಬಿಸಿಗೆ ಅರಗಿನ ವಾಸನೆ ಸಣ್ಣಗೆ ಎದ್ದಿತು. ಅದರ ಹಿಂದೆಯೇ ನಮ್ಮ ಚನ್ನಪಟ್ಟಣದ ಮನೆ, ಲೇತಿನ ಮುಂದೆ ಕೂತ ಅಪ್ಪ. ತಿರುಗುವ ಮರಕ್ಕೆ ಅವರು ಅರಗಿನ ಕಡ್ಡಿ ಒತ್ತಿದರೆ ಅದು ಕರಗಿ ಮೈಗೆ ಹತ್ತುತ್ತಿತ್ತು. ನೀವು ನಮ್ಮ ಬೀದಿಯಲ್ಲಿ ಹಾದುಹೋಗಿದ್ದರೆ ನಿಮ್ಮ ಅಂಗಿಗೂ ಆ ವಾಸನೆ ಹತ್ತಿರುತ್ತಿತ್ತು.

ಅಪ್ಪ ಹೋದಮೇಲೆ ಉಳಿದದ್ದು ಬಣ್ಣ ಬೆರೆಸದ ಈ ಗಿಲಕಿ ಒಂದೇ. ಅವರ ಕೊನೆಯ ಕೆಲಸ. ಕೆಲವು ವರ್ಷಗಳ ಹಿಂದೆ ಅಮ್ಮ ಅದನ್ನು ಮರಿಮಗನ ಕೈಗೆ ಕೊಟ್ಟಳು. ಮಗು ನೇರ ಬಾಯಿಗಿಟ್ಟಿತು. ನನ್ನ ಮಗಳು ಸ್ಮಿತಾ ಕಿತ್ತುಕೊಂಡಳು.

"ಅಜ್ಜಿ, ಆಗ ಎಷ್ಟೋ ಜನ ಅರಗಿನ ಬದಲು ವಾರ್ನಿಶ್ ಬಳೀತಿದ್ರಂತೆ, ಬಾಯಿಗೆ ಹೋದ್ರೆ ವಿಷ. ಇದು ಅರಗೇ ಅಂತ ಯಾರು ಕಂಡೋರು?"

"ನಿಮ್ಮಜ್ಜ ಅಂಥದ್ದು ಮುಟ್ದೋರಲ್ಲ ಕಣವ್ವ," ಅಂದಳು ಅಮ್ಮ. ಆದರೆ ದನಿ ಇಳಿದಿತ್ತು. ಅಪ್ಪನ ಕೈ ಸೋತ ಆ ಕೊನೆಯ ದಿನಗಳಲ್ಲಿ ಅವಳು ಲೇತಿನ ಕಡೆ ಹೋಗಿರಲಿಲ್ಲ. ಅರಗು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂಬ ಗಂಡನ ಮಾತು ನಿಜವೋ ಸುಳ್ಳೋ ಎಂಬ ಅನುಮಾನ ಆ ವಯಸ್ಸಿನಲ್ಲಿ ಅವಳಿಗೆ ಹತ್ತಿಕೊಂಡಿತು.

ನಾನು ರಾಮನಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಅಂಗಿಯ ಮೇಲಿನ ಸಾರಿನ ಕಲೆ ತೆಗೆಯುವುದಕ್ಕೂ ನನ್ನ ವಿದ್ಯೆ ಮನೆಯಲ್ಲಿ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಬಂತು ಎಂದು ಬೀಗಿದೆ. ಬೆಂಗಳೂರಿನ ಗೆಳೆಯನ ಲ್ಯಾಬಿನಲ್ಲೊಂದು ಯಂತ್ರವಿತ್ತು; ಅಮ್ಮ ಕೊಟ್ಟ ಗಿಲಕಿಯನ್ನು ಅಲ್ಲಿಗೆ ಒಯ್ದೆ. ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ, ಅದು ಹೀರಿದ್ದೆಷ್ಟು ಎಂಬುದು ಏರಿಳಿತದ ಗೆರೆಯಾಗಿ ಮೂಡುತ್ತದೆ. ಕಂಪ್ಯೂಟರು ತನ್ನಲ್ಲಿರುವ ಸಾವಿರಾರು ಗೆರೆಗಳೊಂದಿಗೆ ಜಾತಕ ಕೂಡಿಸಿದಂತೆ ತಾಳೆ ನೋಡಿ ಹೆಸರು ಹೇಳುತ್ತದೆ.

ಹೇಳಿತು: ಕೊಬ್ಬರಿ ಎಣ್ಣೆ.

ಲ್ಯಾಬಿನವರೆಲ್ಲ ನಕ್ಕರು. ಅಮ್ಮನಿಗೆ ಫೋನು ಮಾಡಿದೆ.

"ತೊಳ್ದು ಒಸಿ ಎಣ್ಣೆ ಸವ್ರಿ ಕಳಿಸ್ದೆ ಕಣಪ್ಪ. ನಿಮ್ಮಪ್ಪ ಮಾಡಿರೋದು. ನಾಕ್ ಜನ ನೋಡೋ ಜಾಗಕ್ಕೆ ಹಂಗೇ ಕಳ್ಸಕ್ಕಾಯ್ತದಾ?"

ಎಣ್ಣೆ ಒರೆಸಿ, ಒಂದು ಚೂರು ಹೆರೆದು ಮತ್ತೆ ಇಟ್ಟೆವು. ಈ ಸಲ ಅರಗಿನ ಹೆಸರು ಬಂತು. ವಾರ್ನಿಶ್ಶಿನ ಸುಳಿವೇ ಇರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಮ್ಮ, "ನಂಗೊತ್ತಿತ್ತು ಬುಡು," ಅಂದಳು. ಅಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ. ಸ್ಮಿತಾ ಗಿಲಕಿಯನ್ನು ಮಗುವಿನ ಕೈಗಿಟ್ಟಳು.

ಅಮ್ಮ ಈಗಿಲ್ಲ. ಸ್ಮಿತಾಳಿಗೆ ಎರಡನೆಯ ಮಗು, ಹಲ್ಲು ಬರುವ ಸಮಯ. ಆ ಮಗುವಿನ ಅಣ್ಣನ ಹಲ್ಲಿನ ಗುರುತಿರುವ ಗಿಲಕಿಯನ್ನು ಇಂದು ಅವರ ಮನೆಗೆ ಕೊಂಡೊಯ್ಯಬೇಕು. ಒರೆಸಿದ್ದಾಯಿತು, ಚೀಲಕ್ಕೂ ಹಾಕಿದೆ. ಮನಸ್ಸು ಒಪ್ಪಲಿಲ್ಲ. ಮತ್ತೆ ಹೊರತೆಗೆದು, ಕೊಬ್ಬರಿ ಎಣ್ಣೆಯ ಬಾಟಲಿ ಹುಡುಕಿ ಒಸಿ ಸವರಿದೆ.