ತಳದಲ್ಲಿ ಉಳಿದ ಕಪ್ಪು

ಚಪ್ಪಲಿಗೆ ಡಾಂಬರು ಅಂಟಿದ ಕ್ಷಣ ಮನುಷ್ಯನ ಪಾಂಡಿತ್ಯವೆಲ್ಲ ಪಾದಕ್ಕಿಳಿಯುತ್ತದೆ. ಬೆಳಗಾವಿಯ ರಾಮತೀರ್ಥ ನಗರದ ಹೊಸ ರಸ್ತೆಯಲ್ಲಿ ಮೊನ್ನೆ ಹಾಗೆ ಒಂಟಿಗಾಲಲ್ಲಿ ನಿಂತಿದ್ದಾಗ, ಖಾನಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ನಾನು ಗಂಭೀರವಾಗಿ ಹೇಳಿದ್ದೊಂದು ಮಾತು ನೆನಪಾಯಿತು: ಡಾಂಬರೆಂದರೆ ಎಣ್ಣೆಯ ಅಂತ್ಯ, ಅದರಿಂದ ಇನ್ನೇನೂ ಹುಟ್ಟದು. ಎಲ್ಲರೂ ಬರೆದುಕೊಂಡರು, ಬೀಡಿ ಎಂಬ ಹಳ್ಳಿಯಿಂದ ಬರುತ್ತಿದ್ದ ನಸೀಮಾಳೊಬ್ಬಳನ್ನು ಬಿಟ್ಟು. ಅವಳ ತಂದೆ ದಸ್ತಗೀರಸಾಬರು ರಸ್ತೆ ಕೆಲಸಕ್ಕೆ ಡಾಂಬರು ಕಾಯಿಸುತ್ತಿದ್ದವರು. ಅವರ ಬಲಗೈಯಲ್ಲಿ ಮೊಣಕೈಯವರೆಗೆ ಸುಟ್ಟ ಕಲೆ.

ಆ ನಸೀಮಾ ಈಗ ಬೆಳಗಾವಿಯಲ್ಲಿ ಸಂಶೋಧಕಿ. ಪರದೇಶದ ಎಣ್ಣೆಮರಳಿನಿಂದ ತೆಗೆದ, ಕಾಕಂಬಿಗಿಂತ ಮಂದವಾದ ಬಿಟುಮೆನ್ ಎಂಬ ಕಚ್ಚಾ ಡಾಂಬರನ್ನು ತೆಳು ಎಣ್ಣೆಯಾಗಿಸಲು ಜಲಜನಕ ಬೇಕು. ಆ ಜಲಜನಕಕ್ಕಾಗಿ ನೈಸರ್ಗಿಕ ಅನಿಲವನ್ನು ಧಾರಾಳವಾಗಿ ವ್ಯಯಿಸುತ್ತಾರೆ. ದ್ರಾವಕ ಬೆರೆಸಿ ಅತಿ ಭಾರದ ಅಂಶವನ್ನು ಮೊದಲೇ ತಳಕ್ಕಿಳಿಸಿದರೆ, ಮೇಲೆ ಉಳಿದದ್ದಕ್ಕೆ ಕಡಿಮೆ ಅನಿಲ ಸಾಕೆಂಬುದು ಅವಳ ಶೋಧ.

ಮಹಾಪ್ರಬಂಧ ಸಲ್ಲಿಸುವ ಮುನ್ನ ತಂದೆಯನ್ನೂ ನನ್ನನ್ನೂ ಪ್ರಯೋಗಾಲಯಕ್ಕೆ ಕರೆದಳು. ಗಾಜಿನ ಪಾತ್ರೆಯಲ್ಲಿ ಮೇಲೆ ಕಂದು ಎಣ್ಣೆ, ಕೆಳಗೆ ಕಪ್ಪು ಗಷ್ಟು. ನಾನು ಮೇಲಿನದನ್ನು ಹೊಗಳಿದೆ. ದಸ್ತಗೀರಸಾಬರು ಕೆಳಗಿನದನ್ನೇ ನೋಡುತ್ತಿದ್ದರು.

“ಗ್ಯಾಸ್ ಉಳೀತು, ಖರೇ. ತಳದಾಗಿನ ಗಷ್ಟು ಎಲ್ಲಿ ಚೆಲ್ಲತೀ, ಬೇಟಿ?”

“ಅದು ನನ್ನ ವಿಷಯದಾಗ ಬರೂದಿಲ್ಲ, ಅಬ್ಬಾ.”

ಅವರು ಬೀಡಿಯ ಹಳ್ಳದ ದಂಡೆಗೆ ತಾವೇ ವರ್ಷಗಟ್ಟಲೆ ಪೀಪಾಯಿಗಳ ಗಷ್ಟು ಸುರಿದದ್ದನ್ನು ಹೇಳಿದರು. ಅಲ್ಲಿ ಇಂದಿಗೂ ಹುಲ್ಲು ಹುಟ್ಟಿಲ್ಲವಂತೆ. “ಎಲ್ಲಿ ಚೆಲ್ಲಿದಿ ಅಂತ ನನ್ನ ಯಾರೂ ಕೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ” ಎಂದರು.

ನಸೀಮಾ ಪ್ರಬಂಧವನ್ನು ತಡೆಹಿಡಿದಳು. ಬೇರೆಯವರು ಮೊದಲು ಪ್ರಕಟಿಸಿಯಾರೆಂದು ಮಾರ್ಗದರ್ಶಕರು ಸಿಟ್ಟಾದರು. ವಿವೇಕಿಯೆಂಬ ಭ್ರಮೆಯಲ್ಲಿರುವ ನಾನೂ, ಮೊದಲು ಪದವಿ, ಆಮೇಲೆ ಗಷ್ಟು ಎಂದು ಉಪದೇಶಿಸಿದೆ. ಅವಳು ಚಹಾ ಕೊಟ್ಟು ಪ್ರಯೋಗಾಲಯಕ್ಕೆ ಹೊರಟಳು.

ಒಂದು ವರ್ಷ ಕಳೆಯಿತು. ಮಾರ್ಗದರ್ಶಕರು ಅಂದಂತೆಯೇ, ಅಂಥದೇ ವಿಧಾನವನ್ನು ಬೇರೊಬ್ಬರು ಮೊದಲು ಪ್ರಕಟಿಸಿದರು. ನಸೀಮಾ ಗಷ್ಟಿನ ಒಂದು ಭಾಗವನ್ನು ರಸ್ತೆಗೆ ಬಳಸುವ ಬಗೆ ಕಂಡುಕೊಂಡಳು, ಎಲ್ಲವನ್ನೂ ಅಲ್ಲ. ಕೊನೆಗೊಂದು ಅಧ್ಯಾಯ ಸೇರಿಸಿ ಸಲ್ಲಿಸಿದ ದಿನ ತಂದೆಯೆದುರು ಕುಳಿತು, ಇಂಗ್ಲಿಷಿನಲ್ಲಿದ್ದ ಅದರ ಕಡೆಯ ವಾಕ್ಯವನ್ನು ಕನ್ನಡದಲ್ಲಿ ಹೇಳಿದಳು: ಉಳಿದದ್ದನ್ನು ಏನು ಮಾಡಬೇಕೆಂದು ನನಗಿನ್ನೂ ತಿಳಿದಿಲ್ಲ.

ದಸ್ತಗೀರಸಾಬರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.