ಮಾವನ ಹೆಬ್ಬೆರಳು

ನನ್ನ ಮಾವನಿಗೆ ಸ್ಮಾರ್ಟ್‌ಫೋನ್ ಕೊಡಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಅನ್ನುವುದು ಬೇಡ. ಗಂಡ ಬೇಡವೆಂದಿದ್ದ. ಮಾವ ಬೇಡವೆಂದಿದ್ದರು. ಎದುರು ಮನೆಯ ಟೀಚರ್, ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಪಾಠ ಹೇಳುವುದನ್ನು ಬಿಡದವರು, ಅವರೂ "ಅವರಿಗ್ಯಾಕಮ್ಮ ಅದೆಲ್ಲ?" ಎಂದಿದ್ದರು. ನಾನು ಕೇಳಬೇಕಲ್ಲ? ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿ ಮಾಡಿ, ಎದುರಿಗೆ ಕೂತವರಿಗೆ ಏನು ಒಪ್ಪುತ್ತದೆ ಎನ್ನುವುದು ಅವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ ಎಂಬ ಜಂಬ ನನ್ನ ತಲೆಗೇರಿತ್ತು.

ಮಾವ ಕೀ ಮಾಡುವವರು. ಮಾರುಕಟ್ಟೆಯ ಮೂಲೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಚಿಕ್ಕ ಅಂಗಡಿ. ಹಿಂದಿನ ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀ. ಅಕ್ಕಪಕ್ಕದಲ್ಲಿ ಯಂತ್ರ ಇಟ್ಟುಕೊಂಡವರು ಒಂದು ನಿಮಿಷದಲ್ಲಿ ಕೀ ಕೊಯ್ದು ಕೊಟ್ಟರೆ, ಇವರು ಅರ ಹಿಡಿದು ಉಜ್ಜುತ್ತಾ ಕೂರುತ್ತಾರೆ. ನಾಲ್ಕು ಸಲ ಉಜ್ಜುವುದು, ಹೆಬ್ಬೆರಳಿನಿಂದ ಹಲ್ಲು ಸವರುವುದು, ಮತ್ತೆ ಉಜ್ಜುವುದು. ನಲವತ್ತೆರಡು ವರ್ಷದಿಂದ ಇದೇ. ಅಂಗಡಿಯಿಂದ ಎರಡು ಹೆಜ್ಜೆ ಆಚೆ ಹೋಗಬೇಕಾದರೂ ಶಟರ್ ಎಳೆದು, ಬೀಗ ಹಾಕಿ, ಬೀಗವನ್ನು ಮೂರು ಸಲ ಜಗ್ಗಿ ನೋಡಿಯೇ ಹೋಗುವವರು. "ಇಲ್ಲಿರೋದು ನನ್ನ ಸಾಮಾನಲ್ಲಮ್ಮ, ಊರವರ ಮನೆ ಬಾಗಿಲು" ಎನ್ನುತ್ತಿದ್ದರು.

ಅವರ ಹಳೆಯ ಫೋನು ಗುಂಡಿಯದ್ದು. ಹಿಂದಿನ ಮುಚ್ಚಳ ಬಿದ್ದುಹೋಗಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಹಾಕಿ ಬಿಗಿದಿದ್ದರು. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಯಾವಾಗ ಮಾಡಿದರೂ ಎರಡನೇ ರಿಂಗಿಗೆ "ಹೇಳಮ್ಮ" ಎನ್ನುವ ದನಿ ಬರುತ್ತಿತ್ತು. ಬಲಗೈಯಲ್ಲಿ ಅರ ಇದ್ದರೂ ಎಡಗೈ ಹೆಬ್ಬೆರಳು ತಾನಾಗಿಯೇ ಹಸಿರು ಗುಂಡಿಯನ್ನು ಹುಡುಕಿಕೊಳ್ಳುತ್ತಿತ್ತು. ಅದೊಂದು ಗುಣ ಆ ಡಬ್ಬಿಗೆ ಇತ್ತು ಎನ್ನುವುದು ಆಗ ನನ್ನ ಲೆಕ್ಕಕ್ಕೇ ಬರಲಿಲ್ಲ.

ಫೋನಿನ ಅಂಗಡಿ ಮಾವನ ಅಂಗಡಿಯ ಎದುರುಗಡೆಯೇ ಇದೆ. ಹಳೆಯದನ್ನು ಕೊಟ್ಟು ಹೊಸದನ್ನು ತಂದೆ. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕೆ ಹಿಡಿಯೋಕೆ ಜಾಗಾನೇ ಇಲ್ವಲ್ಲಮ್ಮ" ಎಂದರು.

ಮೊದಲ ವಾರ ಮನೆಯಲ್ಲಿ ನಗುವೋ ನಗು. ಫೋನಿಗೆ ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಹಾಕಿಕೊಟ್ಟಿದ್ದೆ. ಮರುದಿನ ನೋಡಿದರೆ ಫೋನು ತೆರೆಯುತ್ತಲೇ ಇಲ್ಲ. ವಿಚಾರಿಸಿದರೆ, ಮಾವ ಬೇಕೆಂದೇ ತಪ್ಪು ಸಂಖ್ಯೆ ಒತ್ತಿದ್ದರಂತೆ, ಒಂದಾದ ಮೇಲೆ ಒಂದು.

"ಯಾಕೆ ಮಾವ?"

"ಹೊಸ ಬೀಗ ಅಂದ್ಮೇಲೆ ತಪ್ಪು ಕೀ ಹಾಕಿ ನೋಡ್ಬೇಕಮ್ಮ. ಬೇರೆ ಕೀಗೂ ತೆರ್ಕೊಂಡ್ರೆ ಅದೆಂಥ ಬೀಗ? ಪರವಾಗಿಲ್ಲ, ಇದು ಗಟ್ಟಿ ಇದೆ."

ನಾನು ತಲೆ ಚಚ್ಚಿಕೊಂಡೆ. ಆ ಸಂಖ್ಯೆಯನ್ನೇ ತೆಗೆದುಹಾಕಿದೆ. ಮೂರನೇ ದಿನ ಚಾರ್ಜ್ ಮಾಡುವ ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಬಿಟ್ಟಿದ್ದರು, ತಂತಿ ಬಿಗಿಯಾಗಿ ಹೋಗುತ್ತಿದೆ ಎಂದು. ಅದಕ್ಕೂ ಬೈದೆ. ಬೈಸಿಕೊಂಡು ಸುಮ್ಮನಿದ್ದರು. ಅವರು ಎದುರಾಡುವವರಲ್ಲ, ಅದೇ ನನಗೆ ಸದರವಾಗಿತ್ತು.

ಕರೆ ಬಂದಾಗ ತೆಗೆಯುವುದನ್ನು ಸಂಜೆ ಸಂಜೆ ಕಲಿಸಿದೆ. "ಒತ್ತಬಾರದು ಮಾವ, ಎಳೀಬೇಕು. ಹಸಿರು ಗುಂಡಿ ಮೇಲೆ ಬೆರಳಿಟ್ಟು ಮೇಲಕ್ಕೆ ಎಳೀಬೇಕು." ಸ್ನಾನ ಮಾಡಿ ಬಂದು ಕೂತಾಗ ಐದಕ್ಕೆ ಮೂರು ಸಲ ಬರುತ್ತಿತ್ತು. ಪಾಸು ಎಂದುಕೊಂಡೆ. ಅಂಗಡಿಯಲ್ಲಿ ಒಣಗಿ, ಹಿತ್ತಾಳೆಯ ಪುಡಿ ಮೆತ್ತಿಕೊಂಡ ಬೆರಳಿಗೂ, ಮನೆಯಲ್ಲಿ ಬಿಸಿನೀರಿನಲ್ಲಿ ನೆಂದ ಬೆರಳಿಗೂ ವ್ಯತ್ಯಾಸ ಇರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಯಾಕೆಂದರೆ ಎರಡು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ಬೆರಳಿನ ಗುರುತು ತೆಗೆಯುವ ಯಂತ್ರ ಅವರ ಹತ್ತು ಬೆರಳಲ್ಲಿ ಒಂದನ್ನೂ ಒಪ್ಪಿರಲಿಲ್ಲ. ಅರದ ಕೆಲಸದಲ್ಲಿ ಗೆರೆಗಳೆಲ್ಲ ಸವೆದುಹೋಗಿವೆ ಎಂದು ಅಲ್ಲಿನ ಗುಮಾಸ್ತ ಹೇಳಿದ್ದ. ಪಕ್ಕದಲ್ಲೇ ಇದ್ದ ನಾನು "ಮಾವ, ನೀವು ಕಳ್ಳತನ ಮಾಡಿದ್ರೆ ಯಾರಪ್ಪನಿಂದ್ಲೂ ಹಿಡಿಯೋಕಾಗಲ್ಲ" ಎಂದು ತಮಾಷೆ ಮಾಡಿದ್ದೆ. ಅವರೂ ನಕ್ಕಿದ್ದರು.

ಹತ್ತನೇ ದಿನ ಮಂಗಳವಾರ, ನನಗೆ ರಜೆ. ಗಂಡ ಕೆಲಸದ ಮೇಲೆ ಹೊರಗಡೆ ಹೋಗಿದ್ದ. ನಮ್ಮದು ಮೂರನೇ ಮಹಡಿ. ಮಧ್ಯಾಹ್ನ ಹಾಲನ್ನು ಒಲೆಯ ಮೇಲಿಟ್ಟೆ. ಎರಡು ವರ್ಷದ ಪುಟ್ಟಿ ಅಡುಗೆಮನೆ ನೆಲದ ಮೇಲೆ ಲೋಟ ಚಮಚ ಹರಡಿಕೊಂಡು ಕೂತಿದ್ದಳು. ಕಸದ ಚೀಲವನ್ನು ಮೆಟ್ಟಿಲ ಬಳಿ ಇಟ್ಟು ಬರೋಣವೆಂದು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ನಾಲ್ಕು ಹೆಜ್ಜೆ ಆಚೆ ಬಂದೆ. ಗಾಳಿ ಬೀಸಿತು. ಹಿಂದೆ ಬಾಗಿಲು ದಡಾರೆಂದು ಮುಚ್ಚಿಕೊಂಡಿತು.

ಆ ಬಾಗಿಲಿಗೆ ಬೀಗ ಕೂರಿಸಿದವರು ಮಾವ. ಮುಚ್ಚಿದರೆ ತಾನಾಗಿಯೇ ಬೀಳುತ್ತದೆ, ಮೂರು ಕಬ್ಬಿಣದ ನಾಲಗೆ ಚೌಕಟ್ಟಿನೊಳಕ್ಕೆ ಹೋಗುತ್ತವೆ. "ಇದನ್ನ ನಾನು ಬಿಟ್ರೆ ಯಾರೂ ತೆಗೆಯೋಕಾಗಲ್ಲ" ಎಂದು ಅವರು ಬಾಯಿಬಿಟ್ಟು ಹೆಮ್ಮೆಪಟ್ಟಿದ್ದು ಆ ಬೀಗದ ವಿಷಯದಲ್ಲಿ ಮಾತ್ರ. ನನ್ನ ಕೀ ಒಳಗಡೆ. ಗಂಡನ ಕೀ ಗಂಡನ ಜೇಬಿನಲ್ಲಿ, ಊರಾಚೆ. ಇನ್ನೊಂದು ಕೀ ಮಾವನ ಅಂಗಡಿಯ ಮೊಳೆಯಲ್ಲಿ.

ಮೊದಲು ನನಗೆ ಭಯವೇನೂ ಆಗಲಿಲ್ಲ. ಅಂಗಡಿ ಎರಡು ಬೀದಿ ಆಚೆ, ಓಡಿದರೆ ಐದು ನಿಮಿಷ. ಅಮ್ಮನ ಕರೆ ಕತ್ತರಿಸಿ ಮಾವನಿಗೆ ಮಾಡಿದೆ. ಎರಡು ರಿಂಗಾಯಿತು, ನಾಲ್ಕಾಯಿತು, ಪೂರ್ತಿ ಆಗಿ ನಿಂತಿತು. ಮತ್ತೆ ಮಾಡಿದೆ. ಮತ್ತೆ. ಒಳಗಿಂದ ಪುಟ್ಟಿ "ಅಮ್ಮಾ" ಎಂದು ಬಾಗಿಲು ಬಡಿಯತೊಡಗಿದಳು. ಎದುರು ಮನೆಯ ಟೀಚರ್ ಹೊರಗೆ ಬಂದರು. ನಾನು ಮಾಡುತ್ತಲೇ ಇದ್ದೆ. "ತೆಗೀರಿ ಮಾವ, ತೆಗೀರಿ" ಎಂದು ಫೋನಿಗೆ ಹೇಳುತ್ತಿದ್ದೆ. ಈಗ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎನ್ನುವ ಆಸೆಯಲ್ಲೇ ಎಷ್ಟು ಹೊತ್ತು ಕಳೆದೆನೋ. ಎರಡನೇ ರಿಂಗಿಗೆ ಓಗೊಡುವ ಮನುಷ್ಯ ತೆಗೆಯುತ್ತಿಲ್ಲ ಎನ್ನುವುದನ್ನು ನನ್ನ ತಲೆ ಒಪ್ಪಲೇ ಇಲ್ಲ. ಟೀಚರ್ ಒಳಗಿಂದ ಸುತ್ತಿಗೆ ತಂದು ಬೀಗಕ್ಕೆ ಎರಡೇಟು ಹಾಕಿದರು. ಬೀಗಕ್ಕೆ ಗೀರು ಕೂಡ ಬೀಳಲಿಲ್ಲ.

ಆಮೇಲೆ ಅವರೇ ಮೂಗರಳಿಸಿ ಸುತ್ತಿಗೆ ಕೆಳಗಿಟ್ಟರು.

"ಗ್ಯಾಸ್ ವಾಸನೆ ಬರ್ತಿದೆ ಕಣೇ."

ಹಾಲು! ಉಕ್ಕಿ ಸುರಿದು ಉರಿ ಆರಿಸಿತ್ತು. ಗ್ಯಾಸ್ ಬರುತ್ತಲೇ ಇತ್ತು. ಟೀಚರ್ ಅಗ್ನಿಶಾಮಕದವರಿಗೆ ಫೋನ್ ಮಾಡಲು, ಗ್ಯಾಸಿನ ಹತ್ತಿರ ಬೇಡವೆಂದು, ಕೆಳಗಿನ ಮಹಡಿಗೆ ಇಳಿದರು. ಮೇಲೆ ಬಂದು, ಅವರು ಬರೋಕೆ ಅರ್ಧ ಗಂಟೆ ಆಗುತ್ತದಂತೆ ಎಂದರು. "ನೀನು ಓಡು, ಮಗು ಹತ್ರ ನಾನು ಮಾತಾಡ್ತಿರ್ತೀನಿ" ಎಂದು ನನ್ನನ್ನು ತಳ್ಳಿದರು. ನಾನು ಮೆಟ್ಟಿಲಿಳಿಯುವ ಹೊತ್ತಿಗೆ ಒಳಗೆ ಅಳು ನಿಂತಿತ್ತು. ಬಾಗಿಲು ಬಡಿಯುವುದೂ ನಿಂತಿತ್ತು.

ಬರಿಗಾಲಲ್ಲಿ ಓಡಿದೆ. ಅಂಗಡಿಗೆ ಬೀಗ! ಶಟರ್ ಪೂರ್ತಿ ಇಳಿಸಿದ್ದಾರೆ. ಎರಡೂ ಕೈಯಿಂದ ಆ ತಗಡನ್ನು ಬಡಿದೆ. ಏನು ಕಿರುಚಿದೆನೋ ನೆನಪಿಲ್ಲ. ರಸ್ತೆಯವರೆಲ್ಲ ತಿರುಗಿ ನೋಡಿದರು.

ಆಗ ಎದುರುಗಡೆ ಫೋನಿನ ಅಂಗಡಿಯ ಮುಂದಿನಿಂದ ಮಾವ ರಸ್ತೆ ದಾಟಿಕೊಂಡು ಬರುತ್ತಿದ್ದರು. ಎರಡೂ ಅಂಗೈ ಕೂಡಿಸಿ, ತುಂಬಿದ ನೀರಿನ ಬಟ್ಟಲು ಹಿಡಿದವರಂತೆ ಫೋನು ಹಿಡಿದಿದ್ದರು.

"ಒಳ್ಳೇದಾಯ್ತು, ನೀನೇ ಬಂದೆ. ನಿನ್ನ ಫೋನೇ ಬರ್ತಿತ್ತಮ್ಮ, ತೆಗೆಯೋಕೇ ಆಗ್ತಿಲ್ಲ. ತೋರಿಸೋಣ ಅಂತ ಹೋದೆ, ಅವನು ಊಟಕ್ಕೆ ಹೋಗಿದ್ನಂತೆ, ಕಾಯ್ತಾ ಕೂತಿದ್ದೆ..."

"ಮಾವ, ಪುಟ್ಟಿ ಒಳಗಿದಾಳೆ. ಗ್ಯಾಸು."

ಅಷ್ಟೇ ಹೇಳಿದ್ದು. ಫೋನು ರಸ್ತೆಗೆ ಬಿತ್ತು. ಬೀಗ ತೆಗೆದಿದ್ದು, ಶಟರ್ ಎತ್ತಿದ್ದು, ನೂರಾರು ಕೀಗಳ ನಡುವೆ ಕೈ ಹಾಕಿ ನಮ್ಮದೊಂದನ್ನೇ ಕಿತ್ತುಕೊಂಡಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಆಯಿತು. ಫೋನು ಯಾರೋ ಎತ್ತಿ ನನ್ನ ಕೈಗೆ ತುರುಕಿದರು. ಅರವತ್ತೇಳು ವರ್ಷದ ಮನುಷ್ಯ ನನಗಿಂತ ಮುಂದೆ ಓಡಿದರು. ಊರವರ ಮನೆ ಬಾಗಿಲೆಲ್ಲ ಹಿಂದೆ ಬಟಾಬಯಲಾಗಿ ಬಿದ್ದಿತ್ತು. ತಿರುಗಿ ಕೂಡ ನೋಡಲಿಲ್ಲ.

ಬಾಗಿಲು ಒಂದೇ ತಿರುವಿಗೆ ತೆರೆಯಿತು. "ಲೈಟ್ ಹಾಕ್ಬೇಡಿ, ಯಾರೂ ಏನೂ ಮುಟ್ಬೇಡಿ" ಎಂದು ಕೂಗಿ ಮಾವ ಮೂಗಿಗೆ ಅಂಗಿ ಒತ್ತಿಕೊಂಡು ಒಳಗೆ ಹೋಗಿ ಸಿಲಿಂಡರ್ ಬಂದ್ ಮಾಡಿದರು. ಕಿಟಕಿಗಳನ್ನು ತೆರೆದರು. ಪುಟ್ಟಿ ಬಾಗಿಲ ಪಕ್ಕದಲ್ಲೇ, ನಾವು ಚಪ್ಪಲಿ ಬಿಡುವ ಜಾಗದಲ್ಲಿ, ನನ್ನ ಚಪ್ಪಲಿಯೊಂದನ್ನು ತಬ್ಬಿಕೊಂಡು ಬಿದ್ದಿದ್ದಳು. ಎತ್ತಿಕೊಂಡರೆ ಕತ್ತು ಜೋತುಬಿತ್ತು. ಎರಡನೇ ಮಹಡಿಯ ಮೆಟ್ಟಿಲು ಇಳಿಯುವಾಗ ನನ್ನ ಹೆಗಲ ಮೇಲೆ ವಾಂತಿ ಮಾಡಿಕೊಂಡಳು. ಆಮೇಲೆ ಅತ್ತಳು. ಅವಳ ಅಳು ಕೇಳಿ ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

"ಏನೂ ಆಗಿಲ್ಲ, ಒಂದು ದಿನ ಇಟ್ಕೊಂಡು ನೋಡ್ತೀವಿ" ಎಂದರು ಡಾಕ್ಟರು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ನಾನು ಬೇರೆ ಥರ ಮಾತಾಡ್ತಿದ್ದೆ" ಎಂದರು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಮಾವ ಕೂತಿದ್ದರು. ನಾನು ಫೋನು ತೆಗೆದು ನೋಡಿದೆ. ಗಾಜು ಸೀಳಿತ್ತು, ಆದರೂ ಉರಿಯುತ್ತಿತ್ತು. ತೆಗೆಯದ ಕರೆ ಹತ್ತೊಂಬತ್ತು. ಅಷ್ಟೂ ನನ್ನವೇ. ಸಿಟ್ಟು ಎಲ್ಲಿತ್ತೋ, ನೆತ್ತಿಗೇರಿತು.

"ಹತ್ತೊಂಬತ್ತು ಸಲ ಮಾವ! ಒಂದು ಸಲನಾದ್ರೂ ಏನೋ ಆಗಿರ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಅವರು ನನ್ನನ್ನು ನೋಡಲಿಲ್ಲ. "ಪ್ರತಿ ಸಲಾನೂ ನಿಮ್ಮಿಬ್ರ ಮುಖ ಬರ್ತಿತ್ತಮ್ಮ. ಪುಟ್ಟಿನ ಎತ್ಕೊಂಡು ನಗ್ತಾ ಇದ್ದೆ ನೀನು. ನಗ್ತಾ ಇರೋ ಮುಖ ನೋಡಿ ಏನಂತ ಅಂದ್ಕೊಳ್ಳಿ?"

ಆ ಚಿತ್ರವನ್ನು ಹಾಕಿಕೊಟ್ಟವಳೂ ನಾನೇ, ಅಕ್ಷರ ಓದುವ ಕಷ್ಟ ಬೇಡ ಎಂದು. ನನ್ನ ಮಗು ಬಾಗಿಲ ಹಿಂದೆ ಉಸಿರುಗಟ್ಟುತ್ತಿದ್ದಾಗ ಮಾವನ ಅಂಗೈಯಲ್ಲಿ ನಾವಿಬ್ಬರೂ ಹಲ್ಲು ಬಿಟ್ಟು ನಗುತ್ತಿದ್ದೆವು.

"ಹೇಗೆ ತೆಗೀತಿದ್ರಿ, ತೋರ್ಸಿ" ಎಂದೆ. ನನ್ನ ಫೋನಿನಿಂದ ಅವರದ್ದಕ್ಕೆ ಮಾಡಿದೆ. ಅವರು ಹೆಬ್ಬೆರಳು ಇಟ್ಟು ಮೇಲಕ್ಕೆ ಎಳೆದರು, ಕಲಿಸಿದ ಹಾಗೆಯೇ. ಏನೂ ಆಗಲಿಲ್ಲ. ಮತ್ತೆ ಎಳೆದರು. ಏನೂ ಇಲ್ಲ. "ನೋಡು, ಹೀಗೇ. ಜಾಸ್ತಿ ಬಲ ಹಾಕೋದು ಬೇಡ ಅಂತ ಸ್ವಲ್ಪ ಹೊತ್ತು ಬಿಟ್ಟೂ ನೋಡ್ದೆ. ಹಟ ಮಾಡೋ ಬೀಗಕ್ಕೆ ಬಲ ಹಾಕಿದ್ರೆ ಕೀನೇ ಮುರಿಯುತ್ತೆ."

ನಾನು ಎಳೆದೆ, ಒಂದೇ ಸಲಕ್ಕೆ ಬಂತು. ಅವರ ಕೈಯನ್ನು ಹಿಡಿದು ತಿರುಗಿಸಿ ನೋಡಿದೆ. ಮದುವೆಯಾಗಿ ಆರು ವರ್ಷ, ಆ ಹೆಬ್ಬೆರಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ತುದಿ ಹಳದಿಗಟ್ಟಿ, ಒಂದು ಗೆರೆಯೂ ಇಲ್ಲದೆ, ಮರದ ತುಂಡಿನ ಹಾಗೆ ನುಣ್ಣಗಿತ್ತು. ನಮ್ಮ ಮನೆಯ ಅನ್ನ ಅದರಿಂದಲೇ ಬಂದಿದ್ದು. ಅದು ಅಲ್ಲಿ ಇದೆಯೆಂದೇ ಆ ಫೋನಿಗೆ ಗೊತ್ತಾಗಿರಲಿಲ್ಲ.

"ತಪ್ಪಾಯ್ತಮ್ಮ. ನಾನು ಇನ್ನೂ ಚೆನ್ನಾಗಿ ಕಲೀಬೇಕಿತ್ತು" ಎಂದರು ಮಾವ.

ಅವತ್ತು ಎಷ್ಟೆಲ್ಲ ಆಯಿತು, ಯಾವುದಕ್ಕೂ ಹಾಗೆ ಬೆಚ್ಚಿಬಿದ್ದಿರಲಿಲ್ಲ ನಾನು. ಅವರು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು.

ಪುಟ್ಟಿ ಮನೆಗೆ ಬಂದ ಮರುದಿನ, ಅವಳನ್ನು ಅವಳಪ್ಪನ ಕೈಗೆ ಕೊಟ್ಟು ಫೋನಿನ ಅಂಗಡಿಗೆ ಹೋದೆ. "ಹಳೇದಾ? ಅದನ್ನೆಲ್ಲ ಯಾರ್ ಕೇಳ್ತಾರೆ ಮೇಡಂ" ಎನ್ನುತ್ತಾ ಅಂಗಡಿಯವನು ಒಂದು ಚೀಲ ಎಳೆದು ನೆಲದ ಮೇಲೆ ಸುರಿದ. ನೂರಾದರೂ ಇದ್ದವು. ನೆಲದ ಮೇಲೆಯೇ ಕೂತು ಹುಡುಕಿದೆ. ಸೈಕಲ್ ಟ್ಯೂಬಿನ ಪಟ್ಟಿ ಕೈಗೆ ಸಿಕ್ಕಿತು. ಹಸಿರು ಗುಂಡಿಯ ಬಣ್ಣ ಪೂರ್ತಿ ಹೋಗಿ, ನಡುವೆ ಹೆಬ್ಬೆರಳಿನಷ್ಟೇ ಗುಳಿ ಬಿದ್ದಿತ್ತು. ಸಿಮ್ ಹಾಕಿಸಿ, ರಸ್ತೆ ದಾಟಿ, ಮಾವನ ಮುಂದಿಟ್ಟು, ಮುಖ ನೋಡದೆ ನನ್ನ ಕೆಲಸಕ್ಕೆ ಹೊರಟುಹೋದೆ.

ಕನ್ನಡಕದ ಅಂಗಡಿ ಸೇರಿದವಳು ತಡೆಯಲಾರದೆ ಒಮ್ಮೆ ಮಾಡಿ ನೋಡಿದೆ. ಎರಡನೇ ರಿಂಗು.

"ಹೇಳಮ್ಮ."

"ಹೇಳಮ್ಮ, ಏನಾಯ್ತು?" ಎನ್ನುತ್ತಿದ್ದರು. ನನ್ನಿಂದ ಒಂದಕ್ಷರವೂ ಹೊರಡಲಿಲ್ಲ. ಕರೆ ಕತ್ತರಿಸಿ, ಕಣ್ಣು ಮೂಗು ಒರೆಸಿಕೊಂಡು, ಬಂದ ಗಿರಾಕಿಯೊಬ್ಬರಿಗೆ ಎರಡು ಫ್ರೇಮ್ ತೋರಿಸಿ, ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಈ ಸಲ ಮೊದಲ ರಿಂಗಿಗೇ ತೆಗೆದರು. ಏದುಸಿರು ಕೇಳುತ್ತಿತ್ತು.

"ಬಂದೆ ಬಂದೆ, ಎರಡನೇ ಮಹಡಿ ಮೆಟ್ಟಿಲಲ್ಲಿದೀನಿ. ಕೀ ತಂದಿದೀನಿ."

"ಮಾವ! ನಾನು ಕೆಲಸದಲ್ಲಿದೀನಿ. ಏನೂ ಆಗಿಲ್ಲ. ಪುಟ್ಟಿ ಹತ್ರ ಅವಳಪ್ಪ ಇದಾರೆ. ಅಂಗಡಿ?"

"ತೆರೆದೇ ಇದೆ" ಎಂದರು ಮಾವ. ಉಸಿರು ಎಳೆದುಕೊಂಡು, "ನೀನು ಮಾತಾಡ್ಲಿಲ್ವಲ್ಲಮ್ಮ, ಅದಕ್ಕೇ ಬಂದೆ."